ನಾಯಿ–ಬೆಕ್ಕುಗಳಿಗೆ ವಿಮೆ: ಆರಿಸುವ ಬಗೆ ಹೇಗೆ?

ನಾಯಿಗೂ ವಿಮೆಯೇ ಎಂದು ಮನೆಯ ಹಿರಿಯರು ಹುಬ್ಬೇರಿಸುವುದುಂಟು. ಆದರೆ ಇದು ತೀರ ಹೊಸ ಮಾತೇನೂ ಅಲ್ಲ. ಸ್ವೀಡನ್ ದೇಶದಲ್ಲಿ ಕುದುರೆ, ದನಕರುಗಳ ವಿಮೆ 1890ರಲ್ಲಿಯೇ ಆರಂಭವಾಯಿತು. 1924ರಲ್ಲಿ ಅದೇ ನಾಡಿನಲ್ಲಿ ನಾಯಿಗೂ ಪಾಲಿಸಿ ದೊರೆಯಿತು. ಬ್ರಿಟನ್ನಿನಲ್ಲಿ 1947ರಲ್ಲಿ ಈ ಪದ್ಧತಿ ಕಾಲಿಟ್ಟಿತು. ಅಮೆರಿಕದಲ್ಲಿ 1982ರಲ್ಲಿ ಇಂಥ ಪಾಲಿಸಿ ಮೊದಲು ಸಂದದ್ದು ಲ್ಯಾಸಿ ಎಂಬ ತೆರೆಯ ತಾರೆಗೆ! ನಮ್ಮ ದೇಶದಲ್ಲಿಯೂ ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳು ಹಸು, ಎಮ್ಮೆಗಳ ಸಾಲಿನಲ್ಲಿ ನಾಯಿಗೂ ಸ್ಥಳ ಕೊಟ್ಟಿವೆ. ಈಚಿನ ವರ್ಷಗಳಲ್ಲಿ ಖಾಸಗಿ ಕಂಪನಿಗಳೂ ಮುಂದೆ ಬಂದಿವೆ. ಬೆಕ್ಕಿನ ಪಾಲಿಸಿಗಳು ಮಾತ್ರ ಇನ್ನೂ ವಿರಳ.

ಅಂಗಡಿಗಳು ಹೆಚ್ಚಿದಂತೆ ಆಯ್ಕೆಯ ತೊಡಕೂ ಹೆಚ್ಚುತ್ತದೆ. ಅಗ್ಗದ ಕಂತು ಯಾವುದೆಂದು ಹುಡುಕುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಈ ವಿಮೆ ಪ್ರಾಣಿಯ ಬೆಲೆಗೋ, ಅದರ ಚಿಕಿತ್ಸೆಗೋ?

ಬೆಲೆಯೇ ಬೇರೆ, ವೆಚ್ಚವೇ ಬೇರೆ

ಹಳೆಯ ಬಗೆಯ ಪಾಲಿಸಿಯು ದನದ ವಿಮೆಯ ಅಚ್ಚಿನಲ್ಲಿ ಮೂಡಿದ್ದು. ಪ್ರಾಣಿಯು ಅಪಘಾತದಿಂದಲೋ ರೋಗದಿಂದಲೋ ಸತ್ತರೆ ಅದರ ಮಾರುಕಟ್ಟೆಯ ಬೆಲೆಗೆ ಅನುಸಾರವಾಗಿ ಪರಿಹಾರ ಬರುತ್ತದೆ. ಹಸು ಸತ್ತಾಗ ರೈತನಿಗೆ ಆಗುವ ನಷ್ಟವನ್ನು ಹೀಗೆ ಅಳೆಯುವುದು ಸರಿಯೇ. ಆದರೆ ನಗರದ ಮನೆಯ ಲೆಕ್ಕ ಹಾಗಲ್ಲ. ಮಕ್ಕಳು ಬೀದಿಯಿಂದ ಎತ್ತಿ ತಂದ ಮರಿಗೆ ಪೇಟೆಯಲ್ಲಿ ಬೆಲೆಯೇ ಇಲ್ಲ. ಅದು ಸ್ಕೂಟರಿಗೆ ಸಿಕ್ಕಿ ಕಾಲು ಮುರಿದುಕೊಂಡರೆ ಎಕ್ಸ್‌ರೇ, ಅರಿವಳಿಕೆ, ಶಸ್ತ್ರಚಿಕಿತ್ಸೆಗಳಿಗೆ ತಗಲುವ ವೆಚ್ಚ ಮಾತ್ರ ದುಬಾರಿ ಜಾತಿನಾಯಿಗೆ ತಗಲುವಷ್ಟೇ. ಗುಣಪಡಿಸಬಹುದೆಂದು ವೈದ್ಯರು ಹೇಳುತ್ತಿರುವಾಗ, ಕೈಯಲ್ಲಿ ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಪ್ರಾಣಿಯನ್ನು ಕೈಬಿಡುವ ಸಂಕಟ ಯಾವ ಮನೆಗೂ ಬರಬಾರದು. ಮಧ್ಯಮ ವರ್ಗದ ಕುಟುಂಬಕ್ಕೆ ವಿಮೆ ನೆರವಾಗಬೇಕಾದದ್ದು ಈ ಗಳಿಗೆಯಲ್ಲಿ. ಆದ್ದರಿಂದ ಆಸ್ಪತ್ರೆಯ ಹಾಗೂ ಶಸ್ತ್ರಚಿಕಿತ್ಸೆಯ ವೆಚ್ಚ ಸೇರಿದೆಯೇ ಎಂಬುದನ್ನು ಮೊದಲು ನೋಡಬೇಕು.

ಎರಡನೆಯದು, ನಾಯಿ ಇತರರನ್ನು ಕಚ್ಚಿದಾಗ ಬರುವ ಹೊಣೆ. ನೆರೆಮನೆಯ ಮಗುವಿಗೆ ಗಾಯವಾದರೆ ಪರಿಹಾರ ತೆರಬೇಕಾದವನು ನಾಯಿಯ ಯಜಮಾನ. ಕೆಲವು ಪಾಲಿಸಿಗಳಲ್ಲಿ ಈ ಹೊಣೆಯೂ ಸೇರಿರುತ್ತದೆ. ಕೆಲವದರಲ್ಲಿ ಪ್ರತ್ಯೇಕ ಕಂತು ತೆತ್ತು ಪಡೆಯಬೇಕು. ಕಳವು, ತಪ್ಪಿಸಿಕೊಂಡು ಹೋಗುವುದು ಮುಂತಾದವು ಆಮೇಲಿನ ಮಾತು.

ಸಣ್ಣ ಅಕ್ಷರಗಳಲ್ಲಿ ಏನಿದೆ?

ಪಾಲಿಸಿಯ ನಿಜವಾದ ಗುಣ ಗೊತ್ತಾಗುವುದು ಅದು ಏನನ್ನು ಕೊಡುವುದಿಲ್ಲ ಎಂಬ ಪಟ್ಟಿಯಿಂದ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಬಾರದು. ಪಾಲಿಸಿ ಆರಂಭವಾದ ಕೆಲವು ದಿನಗಳವರೆಗೆ ತಗಲಿದ ರೋಗಗಳಿಗೂ ಪರಿಹಾರವಿರುವುದಿಲ್ಲ. ಇದಕ್ಕೆ ಕಾಯುವ ಅವಧಿಯೆಂದು ಹೆಸರು. ರೇಬಿಸ್, ಡಿಸ್ಟೆಂಪರ್, ಪಾರ್ವೋ ಮುಂತಾಗಿ ಲಸಿಕೆಯಿಂದ ತಡೆಯಬಹುದಾದ ರೋಗಗಳು ಲಸಿಕೆ ಹಾಕಿಸದ ನಾಯಿಗೆ ಬಂದರೆ ಕಂಪನಿ ಕೈಚೆಲ್ಲುತ್ತದೆ. ವಂಶಪಾರಂಪರ್ಯದ ದೋಷಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜರ್ಮನ್ ಷೆಫರ್ಡ್, ಲ್ಯಾಬ್ರಡಾರ್ ನಾಯಿಗಳಲ್ಲಿ ಸೊಂಟದ ಕೀಲಿನ ದೋಷವೂ ಪರ್ಷಿಯನ್ ಬೆಕ್ಕಿನಲ್ಲಿ ಮೂತ್ರಪಿಂಡದ ನೀರುಗುಳ್ಳೆಯೂ ತಳಿಯಿಂದ ಇಳಿದು ಬರುವಂಥವು. ಸಾಕಿದ ಪ್ರಾಣಿಗೆ ಬರಬಹುದಾದ ಕಾಯಿಲೆಯೇ ಪಾಲಿಸಿಯಿಂದ ಹೊರಗುಳಿದಿದ್ದರೆ ಅದರಿಂದ ಪ್ರಯೋಜನವೇನು?

ಮೊತ್ತದ ಮಿತಿಯೂ ಯಜಮಾನನ ಪಾಲೂ ಒಟ್ಟಾಗಿ ಲೆಕ್ಕವನ್ನು ಹೇಗೆ ಬದಲಿಸುತ್ತವೆ ನೋಡಿ. ಬಿಲ್ಲು 30,000 ರೂ., ಪಾಲಿಸಿಯ ಮಿತಿ 25,000 ರೂ., ಯಜಮಾನನ ಪಾಲು ಶೇಕಡ 20 ಎಂದಿಟ್ಟುಕೊಳ್ಳಿ. ಪಾಲನ್ನು ಬಿಲ್ಲಿನಲ್ಲಿಯೇ ಕಳೆದರೆ 24,000 ರೂ. ಕೈಸೇರುತ್ತದೆ, ಮೊದಲು ಮಿತಿಗೆ ಇಳಿಸಿ ಆಮೇಲೆ ಕಳೆದರೆ 20,000 ರೂ. ಮಾತ್ರ! ಯಾವ ಕ್ರಮವೆಂಬುದನ್ನು ಬರಹದಲ್ಲಿ ಕೇಳಿ ತಿಳಿಯುವುದು ಲೇಸು.

ಕಾಗದಪತ್ರಗಳು ಕೈಯಲ್ಲಿರಲಿ

ವಿಮೆ ನಿಂತಿರುವುದು ನಂಬಿಕೆಯ ಮೇಲೆ. ಅರ್ಜಿಯಲ್ಲಿ ವಯಸ್ಸನ್ನಾಗಲಿ ಹಿಂದಿನ ಕಾಯಿಲೆಯನ್ನಾಗಲಿ ಮರೆಮಾಚಿದರೆ ಪರಿಹಾರ ಕೇಳುವಾಗ ಅದೇ ಮುಳುವಾಗುತ್ತದೆ. ಪಶುವೈದ್ಯರ ಪ್ರಮಾಣಪತ್ರ, ಲಸಿಕೆಯ ಪುಸ್ತಕ, ಪ್ರಾಣಿಯ ಬಣ್ಣದ ಭಾವಚಿತ್ರ, ಪ್ರತಿಯೊಂದು ರಸೀದಿ, ಇವನ್ನೆಲ್ಲ ಒಂದು ಕಡೆ ಕೂಡಿಡಬೇಕು. ಗುರುತಿಗಾಗಿ ಅಕ್ಕಿಕಾಳಿನಷ್ಟು ಗಾತ್ರದ ಚಿಪ್ಪೊಂದನ್ನು ಚರ್ಮದಡಿ ಸೇರಿಸುವ ಪದ್ಧತಿಯಿದೆ. ಅದರ 15 ಅಂಕಿಗಳ ಸಂಖ್ಯೆ ಒಂದು ಪ್ರಾಣಿಯನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ.

ಕಂಪನಿಯು ಅನ್ಯಾಯವಾಗಿ ಪರಿಹಾರ ನಿರಾಕರಿಸಿತೆನಿಸಿದರೆ ಮೊದಲು ಅಲ್ಲಿಗೇ ಲಿಖಿತ ದೂರು ಸಲ್ಲಿಸಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮಾ ಓಂಬುಡ್ಸ್‌ಮನ್ನರ ಮೊರೆಹೋಗಬಹುದು. ಬೆಂಗಳೂರಿನಲ್ಲಿಯೂ ಈ ಕಚೇರಿಯಿದೆ; ಅಲ್ಲಿ ದೂರಿಗೆ ಶುಲ್ಕವಿಲ್ಲ.

ಎಲ್ಲರಿಗೂ ವಿಮೆಯೇ ಮದ್ದೆಂದೇನೂ ಅಲ್ಲ. ವಯಸ್ಸಾದ ಪ್ರಾಣಿಯನ್ನು ಹೊಸದಾಗಿ ಸೇರಿಸಿಕೊಳ್ಳಲು ಕಂಪನಿಗಳು ಹಿಂಜರಿಯುತ್ತವೆ. ಮುಪ್ಪಿನ ನಾಯಿಯಿರುವ ಮನೆಯವರು ಕಂತಿನ ಹಣವನ್ನೇ ತಿಂಗಳು ತಿಂಗಳು ಬ್ಯಾಂಕಿನಲ್ಲಿ ಕೂಡಿಡುವುದು ಉಚಿತ. ಎಳೆಯ ಮರಿಯಾದರೆ ವಿಚಾರವನ್ನು ಮುಂದೂಡುವುದು ಬೇಡ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವಿಲ್ಲ. ಕಾಯಿಲೆ ಕಾಣಿಸಿಕೊಂಡ ಮೇಲೆ ಅದಕ್ಕೆ ವಿಮೆಯೂ ಇಲ್ಲ.