ಕಾಡು ಅಣಬೆಗಳನ್ನು ಗುರುತಿಸುವ ಕ್ರಮ ಮತ್ತು ಮುನ್ನೆಚ್ಚರಿಕೆಗಳು

ಮುಂಗಾರು ಮಳೆಯ ನಂತರ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ಬದು ಹಾಗೂ ಹುತ್ತಗಳ ಬಳಿ, ಗಂಗಾವತಿಯ ನೀರಾವರಿ ಪ್ರದೇಶದ ಭತ್ತದ ಹುಲ್ಲಿನ ಬಣವೆಗಳಲ್ಲಿ ಅಣಬೆಗಳು ಮೂಡುತ್ತವೆ. ಇವುಗಳಲ್ಲಿ ಕೆಲವು ಪೌಷ್ಟಿಕ ಆಹಾರ, ಕೆಲವು ಪ್ರಾಣಾಂತಿಕ ವಿಷ.

ತಪ್ಪು ನಂಬಿಕೆಗಳು
ಬೇಯಿಸುವಾಗ ಬೆಳ್ಳಿ ನಾಣ್ಯ ಅಥವಾ ಬೆಳ್ಳುಳ್ಳಿ ಕಪ್ಪಾಗದಿದ್ದರೆ, ಹುಳು ತಿಂದಿದ್ದರೆ ಅಣಬೆ ಸುರಕ್ಷಿತವೆಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ಅಮಾನಿಟಾ ಜಾತಿಯ ಮಾರಕ ವಿಷವು ಬೇಯಿಸುವುದರಿಂದಾಗಲಿ, ಒಣಗಿಸುವುದರಿಂದಾಗಲಿ ನಾಶವಾಗುವುದಿಲ್ಲ.

ಗುರುತಿಸುವ ಕ್ರಮ
ಅಣಬೆಯನ್ನು ಕೀಳದೆ ಬುಡಸಮೇತ ಅಗೆದು ತೆಗೆಯಿರಿ. ಕಿತ್ತಾಗ ಮುಖ್ಯ ಗುರುತಾದ ಬುಡದ ಚೀಲವು ಮಣ್ಣಿನಲ್ಲೇ ಉಳಿಯಬಹುದು.

• ಹುತ್ತದ ಅಣಬೆ: ಟೊಪ್ಪಿಗೆಯ ನಡುವೆ ಮೊನಚು, ಬೇರಿನಂತಹ ಉದ್ದನೆಯ ಕಾಂಡ ಹುತ್ತದೊಳಕ್ಕೆ ಇಳಿದಿರುತ್ತದೆ, ಬುಡದಲ್ಲಿ ಚೀಲವಿಲ್ಲ.
• ಭತ್ತದ ಹುಲ್ಲಿನ ಅಣಬೆ: ಬುಡದಲ್ಲಿ ಚೀಲವಿದೆ, ಕಾಂಡದ ಮೇಲೆ ಉಂಗುರವಿಲ್ಲ, ಬಲಿತಾಗ ಕಿವಿರುಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ.
• ಮಾರಕ ಅಮಾನಿಟಾ: ಬುಡದಲ್ಲಿ ಚೀಲ, ಕಾಂಡದಲ್ಲಿ ಉಂಗುರ; ಬಲಿತರೂ ಕಿವಿರುಗಳು ಸಾಮಾನ್ಯವಾಗಿ ಬಿಳಿ. ಮಳೆಗೆ ಉಂಗುರ ಉದುರಿರಬಹುದು.
• ಹಸಿರು ಬೀಜಾಣು ಅಣಬೆ (ವಿಷಕಾರಿ): ಹುಲ್ಲುಗಾವಲಿನಲ್ಲಿ ಬೆಳೆಯುವ ದೊಡ್ಡ ಬಿಳಿ ಟೊಪ್ಪಿಗೆ, ಕಂದು ಹುರುಪೆ; ಬಲಿತಾಗ ಕಿವಿರು ಹಸಿರಾಗುತ್ತದೆ.

ಮೊಟ್ಟೆಯಾಕಾರದ ಎಳೆಯ ಹಂತದಲ್ಲಿ ಹುಲ್ಲಿನ ಅಣಬೆಗೂ ಅಮಾನಿಟಾಕ್ಕೂ ಹೊರನೋಟದ ವ್ಯತ್ಯಾಸ ಅತ್ಯಲ್ಪ. ಆದ್ದರಿಂದ ಹೊರಗೆ ಸಿಕ್ಕ ಎಳೆಯ ಮೊಗ್ಗುಗಳನ್ನು ತಿನ್ನಲೇಬಾರದು.

ಬೀಜಾಣು ಪರೀಕ್ಷೆ
ಅರಳಿದ ಟೊಪ್ಪಿಗೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕಿವಿರು ಕೆಳಗಾಗುವಂತೆ ಇರಿಸಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿದ್ದಿರುವ ಪುಡಿಯ ಬಣ್ಣ ನೋಡಿ: ಹುಲ್ಲಿನ ಅಣಬೆ ಮತ್ತು ಹುತ್ತದ ಅಣಬೆಗೆ ಗುಲಾಬಿ ಛಾಯೆ, ಅಮಾನಿಟಾಕ್ಕೆ ಬಿಳಿ. ಬಿಳಿ ಅಥವಾ ಹಸಿರು ಪುಡಿ ಬಿದ್ದರೆ ತಿನ್ನಬೇಡಿ. ಆದರೆ ಗುಲಾಬಿ ಪುಡಿ ಬೀಳುವ ವಿಷದ ಅಣಬೆಗಳೂ ಇವೆ; ಈ ಪರೀಕ್ಷೆಯೊಂದನ್ನೇ ನಂಬಬಾರದು. ಎಲ್ಲ ಗುರುತುಗಳೂ ತಾಳೆಯಾಗಿ, ತಜ್ಞರು ದೃಢಪಡಿಸದ ಹೊರತು ಬಳಸಬೇಡಿ.

ಸೇವಿಸಿ ಅಸ್ವಸ್ಥರಾದಲ್ಲಿ
ಅಮಾನಿಟಾ ವಿಷದ ವಾಂತಿ, ಭೇದಿ ಸಾಮಾನ್ಯವಾಗಿ 6ರಿಂದ 24 ಗಂಟೆಗಳ ನಂತರ ಆರಂಭವಾಗುತ್ತವೆ. ಬಳಿಕ ಗುಣವಾದಂತೆ ಕಂಡರೂ ಒಳಗೆ ಯಕೃತ್ತು ಹಾನಿಗೊಳ್ಳುತ್ತಿರುತ್ತದೆ. ಆದ್ದರಿಂದ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ. ಉಳಿದ ಅಣಬೆಯನ್ನೂ ಆಸ್ಪತ್ರೆಗೆ ಒಯ್ಯಿರಿ. ಜೊತೆಯಲ್ಲಿ ಉಂಡವರೆಲ್ಲರೂ ತಪಾಸಣೆಗೆ ಒಳಗಾಗಬೇಕು.

ಸುರಕ್ಷಿತ ಪರ್ಯಾಯ
ಭತ್ತದ ಹುಲ್ಲು ಹೇರಳವಾಗಿರುವ ಗಂಗಾವತಿ ಭಾಗದ ರೈತರು ಅಧಿಕೃತ ಮೂಲದಿಂದ ಅಣಬೆ ಬೀಜ ಪಡೆದು ಮನೆಯಲ್ಲಿಯೇ ಚಿಪ್ಪು ಅಣಬೆ ಬೆಳೆಯಬಹುದು. ಬೆಳೆದ ಅಣಬೆಯಲ್ಲಿ ಜಾತಿಯ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ.