ಒಂದು ಕಿಣ್ವಕ್ಕೆ ಒಂದೇ ಕೆಲಸ



ನಾವು ದಿನಾ ಮುದ್ದೆ ಉಣ್ಣುತ್ತೇವೆ, ಅನ್ನ ಉಣ್ಣುತ್ತೇವೆ. ಉಂಡದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಒಂದನೇ ತರಗತಿಯವರೂ ಹೊಟ್ಟೆಗೆ ಅಂತಾರೆ. ಆದರೆ ಹೊಟ್ಟೆಗೆ ಹೋದ ಮುದ್ದೆ ರಕ್ತ ಸೇರುವುದು ಹೇಗೆ? ಮುದ್ದೆ ಮುದ್ದೆಯಾಗಿಯೇ ರಕ್ತಕ್ಕೆ ಹೋಗುವುದಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಆಗಬೇಕು. ಹಲ್ಲಿನಿಂದ ಅಗಿದರೂ ಅಷ್ಟು ಸಣ್ಣದು ಆಗುವುದಿಲ್ಲ, ರಾಗಿಕಲ್ಲಿನಲ್ಲಿ ಬೀಸಿದರೂ ಆಗುವುದಿಲ್ಲ. ಆ ಕೆಲಸ ಮಾಡುವವೇ ಕಿಣ್ವಗಳು. ಇವನ್ನು ಇಂಗ್ಲಿಷಿನಲ್ಲಿ ಎನ್‌ಜೈಮ್ ಅಂತಾರೆ.

ಕಿಣ್ವ ಅಂದರೆ ನಮ್ಮ ಜೀವಕೋಶಗಳೇ ತಯಾರಿಸುವ ಒಂದು ಬಗೆಯ ಪ್ರೋಟೀನು. ಅದು ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ. ಒಂದು ತೆನೆ ಕೊಯ್ದ ಕುಡುಗೋಲು ಮುಂದಿನ ತೆನೆಗೂ ಬರುತ್ತದಲ್ಲ, ಹಾಗೆ.

ಕಿಣ್ವದ ದೊಡ್ಡ ಗುಣ ಏನೆಂದರೆ ಒಂದು ಕಿಣ್ವ ಒಂದೇ ಕೆಲಸ ಮಾಡುತ್ತದೆ. ನಮ್ಮ ಮನೆಯ ಬೀಗದ ಕೈ ಪಕ್ಕದ ಮನೆಯ ಬೀಗಕ್ಕೆ ಹತ್ತುವುದಿಲ್ಲ. ಜರ್ಮನಿಯ ಎಮಿಲ್ ಫಿಷರ್ ಎಂಬ ವಿಜ್ಞಾನಿ 1894ರಲ್ಲಿ ಕಿಣ್ವದ ಬಗ್ಗೆ ಇದೇ ಬೀಗ ಮತ್ತು ಬೀಗದ ಕೈ ಹೋಲಿಕೆ ಕೊಟ್ಟರು. ಕಿಣ್ವ ಪ್ರೋಟೀನು ಅಂತ ತೋರಿಸಿಕೊಟ್ಟವರು ಅಮೆರಿಕದ ಜೇಮ್ಸ್ ಸಮ್ನರ್. 1926ರಲ್ಲಿ ಅವರು ಅವರೆ ಜಾತಿಯ ಒಂದು ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಿನ ರೂಪದಲ್ಲಿ ಬೇರೆ ಮಾಡಿದರು. ಅವರು ಎಡಚರು. 17ನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಗುಂಡು ತಗುಲಿ ಎಡಗೈಯನ್ನೇ ಕಳೆದುಕೊಂಡಿದ್ದರು. ಒಂದೇ ಕೈಯಲ್ಲಿ ಪ್ರಯೋಗ ಮಾಡಿ 1946ರಲ್ಲಿ ನೊಬೆಲ್ ಬಹುಮಾನ ಪಡೆದರು.

ಈಗ ಊಟದ ಜೊತೆ ನಾವೂ ಒಳಗೆ ಹೋಗೋಣ.

ಬಾಯಿ: ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ. ಇದು ಅನ್ನ, ರಾಗಿಯಲ್ಲಿರುವ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಬರೀ ಅನ್ನವನ್ನು ತುಂಬಾ ಹೊತ್ತು ಅಗಿದು ನೋಡಿ, ಸಿಹಿ ಹತ್ತುತ್ತದೆ.

ಜಠರ: ಇಲ್ಲಿ ಆಮ್ಲ ಇದೆ. ಪೆಪ್ಸಿನ್ ಎಂಬ ಕಿಣ್ವ ಹುರುಳಿಕಾಳು, ಮೊಟ್ಟೆಯಲ್ಲಿರುವ ಪ್ರೋಟೀನನ್ನು ಒಡೆಯುತ್ತದೆ. ಅದಕ್ಕೆ ಆಮ್ಲ ಬೇಕೇ ಬೇಕು. ಆದರೆ ಅದೇ ಆಮ್ಲದಲ್ಲಿ ಜೊಲ್ಲಿನ ಅಮೈಲೇಸ್ ಸ್ವಲ್ಪ ಹೊತ್ತಿನಲ್ಲೇ ಕೆಲಸ ನಿಲ್ಲಿಸುತ್ತದೆ.

ಸಣ್ಣ ಕರುಳು: ಮೇದೋಜೀರಕ ಗ್ರಂಥಿಯಿಂದ ಇಲ್ಲಿಗೆ ಮೂರು ಮುಖ್ಯ ಕಿಣ್ವಗಳು ಬರುತ್ತವೆ. ಪಿಷ್ಟಕ್ಕೆ ಮತ್ತೆ ಅಮೈಲೇಸ್, ಪ್ರೋಟೀನಿಗೆ ಟ್ರಿಪ್ಸಿನ್, ಎಣ್ಣೆ ತುಪ್ಪಕ್ಕೆ ಲೈಪೇಸ್. ಕರುಳಿನ ಗೋಡೆಯಲ್ಲೂ ಬೇರೆ ಕಿಣ್ವಗಳಿವೆ. ಅವು ಮಾಲ್ಟೋಸನ್ನು ಗ್ಲೂಕೋಸ್ ಮಾಡುತ್ತವೆ. ಗ್ಲೂಕೋಸ್ ರಕ್ತಕ್ಕೆ ಹೋಗುತ್ತದೆ.

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅಂತ ನಮ್ಮ ತಾತ ಹೇಳುತ್ತಾರೆ. ನುಂಗಿಬಿಟ್ಟರೆ ಜೊಲ್ಲಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲವಲ್ಲ, ಮತ್ತೆ ಮುದ್ದೆ ಕರಗುವುದು ಹೇಗೆ ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಹೆಚ್ಚಿನ ಕೆಲಸವನ್ನು ಸಣ್ಣ ಕರುಳಿನ ಅಮೈಲೇಸ್ ಮಾಡುತ್ತದೆ ಅಂದರು. ಅದಕ್ಕೇ ನುಂಗಿದ ಮುದ್ದೆಯೂ ಮೈಗೆ ಹತ್ತುತ್ತದೆ.

ನೀವೇ ಮಾಡಿ ನೋಡಿ: ನೀರು ನೀರಾದ ಅನ್ನದ ಗಂಜಿಯನ್ನು ಆರಿಸಿ ಎರಡು ಲೋಟಕ್ಕೆ ಒಂದೆರಡು ಚಮಚ ಹಾಕಿ. ಒಂದಕ್ಕೆ ಮಾತ್ರ ಜೊಲ್ಲು ಸೇರಿಸಿ ಕಲಸಿ. ಅರ್ಧ ಗಂಟೆ ಬಿಟ್ಟು ಎರಡಕ್ಕೂ ಒಂದೊಂದು ತೊಟ್ಟು ಅಯೋಡಿನ್ ಹಾಕಿ. ಜೊಲ್ಲು ಇಲ್ಲದ್ದು ಕಡುನೀಲಿ ಆಗುತ್ತದೆ. ಜೊಲ್ಲು ಹಾಕಿದ್ದು ಹಾಗೆ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಪಿಷ್ಟ ಒಡೆದುಹೋಗಿದೆ. ಆಮೇಲೆ ಎರಡನ್ನೂ ಚೆಲ್ಲಿಬಿಡಿ, ಬಾಯಿಗೆ ಹಾಕಬೇಡಿ. ಗಂಜಿ ಸುಡುವಾಗ ಜೊಲ್ಲು ಹಾಕಿದರೆ ಪ್ರಯೋಗ ಕೆಡುತ್ತದೆ. ಬೆಂದ ಮೊಟ್ಟೆ ಮತ್ತೆ ಹಸಿ ಆಗುತ್ತಾ? ಹಾಗೇ ಕುದಿಯುವ ಶಾಖಕ್ಕೆ ಕಿಣ್ವವೂ ಕೆಟ್ಟುಹೋಗುತ್ತದೆ. ನಮ್ಮ ಮೈಯ ಬಿಸಿ, ಅಂದರೆ ಸುಮಾರು 37 ಡಿಗ್ರಿ ಸೆಲ್ಸಿಯಸ್, ನಮ್ಮ ಕಿಣ್ವಗಳಿಗೆ ಹೊಂದುತ್ತದೆ.

ಒಂದು ಕಿಣ್ವ ಕಮ್ಮಿಯಾದರೆ ಏನಾಗುತ್ತೆ? ಅದರ ಕೆಲಸ ಹಾಗೇ ಉಳಿಯುತ್ತದೆ. ಇದಕ್ಕೆ ನಾನೇ ಉದಾಹರಣೆ. ಒಂದು ಲೋಟ ಹಾಲು ಕುಡಿದರೆ ಸ್ವಲ್ಪ ಹೊತ್ತಿಗೆ ನನ್ನ ಹೊಟ್ಟೆ ಗುಡುಗುಡು ಅಂತ ಉಬ್ಬರಿಸುತ್ತಿತ್ತು. ಪಾಠದ ಮಧ್ಯೆ ಎದ್ದು ಓಡಬೇಕಾಗುತ್ತಿತ್ತು. ಕೆಲವರು ಇವಳಿಗೆ ಸೊಕ್ಕು ಅಂದರು, ಕೆಲವರು ಲೆಕ್ಕದ ಪೀರಿಯಡ್ ತಪ್ಪಿಸಿಕೊಳ್ಳಲು ನಾಟಕ ಅಂದರು. ನನಗೆ ಅಳು ಬರುತ್ತಿತ್ತು. ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡು ವಾರ ಹಾಲು ಬಿಡಿಸಿ ನೋಡಿ ಅಂದರು. ಎಲ್ಲಾ ನಿಂತುಹೋಯಿತು.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಕರುಳಿನ ಗೋಡೆಯ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಮಕ್ಕಳಲ್ಲಿ ಇದು ಚೆನ್ನಾಗಿರುತ್ತದೆ. ಬೆಳೆಯುತ್ತಾ ಬಹಳ ಜನರಲ್ಲಿ ಕಮ್ಮಿಯಾಗುತ್ತದೆ. ಪ್ರಪಂಚದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಜನ ಹೀಗೇ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಗಾಳಿ ಉತ್ಪತ್ತಿ ಮಾಡುತ್ತವೆ. ಅದಕ್ಕೇ ಉಬ್ಬರ, ಭೇದಿ.

ಆದರೆ ನನಗೆ ಮಜ್ಜಿಗೆ, ಮೊಸರು ಆಗುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸನ್ನು ಮೊದಲೇ ಹುಳಿ ಮಾಡಿರುತ್ತವೆ. ಊಟದ ಜೊತೆ ಸ್ವಲ್ಪ ಹಾಲು ಕುಡಿದರೂ ತೊಂದರೆ ಇಲ್ಲ.

ಇದನ್ನು ಓದಿ ಎಲ್ಲರೂ ಹಾಲು ಬಿಡಬೇಡಿ. ಹಾಲಿನಲ್ಲಿ ಕ್ಯಾಲ್ಸಿಯಂ ಇದೆ, ಪ್ರೋಟೀನು ಇದೆ, ಆಗುವವರು ಕುಡಿಯಲೇಬೇಕು. ಹೊಟ್ಟೆನೋವಿಗೆಲ್ಲ ಇದೇ ಕಾರಣವೂ ಅಲ್ಲ, ಡಾಕ್ಟರಿಗೆ ತೋರಿಸಬೇಕು. ಆದರೆ ಯಾರಾದರೂ ನನಗೆ ಹಾಲು ಆಗಲ್ಲ ಅಂದರೆ ಸೊಕ್ಕು ಅನ್ನಬೇಡಿ. ಏನಾಗುತ್ತೆ ಅಂತ ಕೇಳಿ.

ಗಂಜಿ ಪ್ರಯೋಗ ಮಾಡಿದವರು ಏನಾಯಿತು ಅಂತ ಬರೆದು ಮುಂದಿನ ಗೋಡೆ ಪತ್ರಿಕೆಗೆ ಕೊಡಿ.



— 7ನೇ ತರಗತಿ ವಿದ್ಯಾರ್ಥಿನಿ