ಲಾರಿಯ ಹಿಂದೆ ನಿಲ್ಲುವವರು ಯಾರು?

"ಬರ್ಲಿ... ಬರ್ಲಿ... ಕಾಕಾ, ಇನ್ನೂ ಬರ್ಲಿ..."

ಬೆಳಗಾವಿಯ ರವಿವಾರ ಪೇಟೆ. ಬೆಳಗ್ಗೆ ಏಳು ಗಂಟೆ ದಾಟಿಲ್ಲ. ಹದಿನೇಳು ಅಡಿಯ ಲಾರಿಯೊಂದು ಹಿಮ್ಮುಖವಾಗಿ ಗಲ್ಲಿಯೊಳಗೆ ಬರುತ್ತಿದೆ. ಒಂದು ಬದಿಯಲ್ಲಿ ಗಟಾರದ ಚಪ್ಪಡಿ, ಇನ್ನೊಂದು ಬದಿಯಲ್ಲಿ ಸಾಲಾಗಿ ನಿಲ್ಲಿಸಿದ ಸ್ಕೂಟರ್‌ಗಳು, ತಲೆಯ ಮೇಲೆ ಅಂಗಡಿಯ ತಗಡು ಮತ್ತು ಜೋತುಬಿದ್ದ ವಯರು. ಹಿಂದೆ ಇಪ್ಪತ್ತರ ಹರೆಯದ ಕ್ಲೀನರ್ ಹುಡುಗ. ಅವನು ಲಾರಿಯ ಪಕ್ಕಕ್ಕೆ ಎರಡು ಸಲ ತಟ್ಟಿದರೆ ಬರಬಹುದು, ಒಂದೇ ಸಲ ತಟ್ಟಿದರೆ ನಿಲ್ಲಬೇಕು.

ಇದ್ದಕ್ಕಿದ್ದಂತೆ ಒಂದು ತಟ್ಟು, ಜೋರಾಗಿ. ಲಾರಿ ನಿಂತಿತು. ಹಾಲಿನ ಪ್ಯಾಕೆಟ್ ಹಿಡಿದ ಅಜ್ಜಿಯೊಬ್ಬರು ಲಾರಿಯ ಬೆನ್ನಿಗೇ ತಾಗಿಕೊಂಡು ದಾಟಿ ಹೋದರು. ಕ್ಯಾಬಿನ್‌ನಲ್ಲಿ ಚಾಲಕರ ಪಕ್ಕ ಕುಳಿತಿದ್ದ ನಮಗೆ ಎರಡೂ ಕನ್ನಡಿಗಳಲ್ಲಿ ಅವರು ಕಾಣಲೇ ಇಲ್ಲ. ಚಾಲಕರಿಗೂ ಕಾಣಲಿಲ್ಲ.

"ನೋಡಿದ್ರಲ್ಲ? ಹಿಂದೆ ಅವ ಇದ್ದ, ಅದಕ್ಕೆ ಆಯಿತು" ಎಂದಷ್ಟೇ ಹೇಳಿ ಅವರು ಮತ್ತೆ ಗೇರು ಹಾಕಿದರು.

ಈ ಚಾಲಕರು ಬಂಟ್ವಾಳ ತಾಲೂಕಿನವರು. ಲಾರಿ ಸ್ವಂತದ್ದು, ಸಾಲ ಇನ್ನೂ ತೀರಿಲ್ಲ. ಮಂಗಳೂರಿನಿಂದ ಅಡುಗೆ ಎಣ್ಣೆಯ ಟಿನ್ನು, ತೆಂಗಿನಕಾಯಿ ಚೀಲ ತುಂಬಿಕೊಂಡು ಅಂಕೋಲಾದವರೆಗೆ ಕರಾವಳಿ ಹೆದ್ದಾರಿ, ಅಲ್ಲಿಂದ ಅರಬೈಲ್ ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಕಿತ್ತೂರು ದಾಟಿ ಬೆಳಗಾವಿ. ಹತ್ತಿರ ಹತ್ತಿರ 450 ಕಿ.ಮೀ. ಅಷ್ಟು ದೂರದಲ್ಲಿ ಭಯವಾಗುವುದು ಎಲ್ಲಿ ಎಂದು ಕೇಳಿದೆವು. ಘಾಟಿಯ ಹೆಸರು ಹೇಳಿಯಾರು ಎಂದುಕೊಂಡಿದ್ದೆವು. ಅವರು ಹೇಳಿದ್ದು ಬೇರೆ: "ಕೊನೆಯ ಇನ್ನೂರು ಮೀಟರ್."

ರವಿವಾರ ಪೇಟೆ ಬೆಳಗಾವಿಯ ಹಳೆಯ ಕಿರಾಣಿ ಸಗಟು ಪೇಟೆ. ಖಡೇ ಬಝಾರ್, ಗಣಪತ್ ಗಲ್ಲಿ, ಮಾರುತಿ ಗಲ್ಲಿಗಳೂ ಹತ್ತಿರದಲ್ಲೇ ಇವೆ. ಎತ್ತಿನಗಾಡಿಯ ಕಾಲದ ಅಗಲದಲ್ಲೇ ಇವತ್ತಿನ ವ್ಯಾಪಾರ ನಡೆಯುತ್ತದೆ. ಜನ ಸೇರುವ ಮೊದಲೇ ಒಳಗೆ ಹೋಗಿ, ಇಳಿಸಿ, ಹೊರಬರಬೇಕು. ತಡವಾದರೆ ಹಿಂದಿನಿಂದ ಹಾರ್ನು, ಮುಂದಿನಿಂದ ಅಂಗಡಿಯವರ ಗದರಿಕೆ: "ಭಾಯ್, ಲಗೂ ಖಾಲಿ ಮಾಡ್ರಿ, ಹಿಂದ ಗಾಡಿ ನಿಂತಾವ!"

ಗಲ್ಲಿಗೆ ಹೋಗುವುದಕ್ಕೂ ಒಂದು ಲೆಕ್ಕ ಇದೆ. ರಸ್ತೆ ಖಾಲಿ ಇರುವಾಗಲೇ ಹಿಮ್ಮುಖವಾಗಿ ಒಳಗೆ ಹೋಗಬೇಕು. ಜನ ತುಂಬಿದ ಮೇಲೆ ಮುಂದಕ್ಕೆ ನೋಡಿಕೊಂಡು ಹೊರಬರಬಹುದು. ಆದಷ್ಟು ಬಲಗಡೆಗೇ ತಿರುಗಿಸಿ ಹಿಂದಕ್ಕೆ ತೆಗೆಯಬೇಕು, ಯಾಕೆಂದರೆ ಚಾಲಕನ ಕಣ್ಣು ಇರುವುದು ಆ ಬದಿಗೆ. ಹಿಂಬದಿ ಒಂದು ಕಡೆಗೆ ಹೋಗುವಾಗ ಮೂತಿ ಇನ್ನೊಂದು ಕಡೆಗೆ ಹೊರಳುತ್ತದೆ. ಸ್ಕೂಟರ್ ಉರುಳುವುದು ಹೆಚ್ಚಾಗಿ ಹೀಗೆಯೇ. ಕೊನೆಯ ಅಂಗಡಿಯ ಮಾಲು ಮೊದಲು ತುಂಬಿಸಿರಬೇಕು. ಇಲ್ಲದಿದ್ದರೆ ನಡು ಬೀದಿಯಲ್ಲಿ ಎಲ್ಲ ಇಳಿಸಿ ಮತ್ತೆ ಹತ್ತಿಸಬೇಕಾಗುತ್ತದೆ.

ಇದೆಲ್ಲ ಗೊತ್ತಿದ್ದರೂ ಲಾರಿಯ ಬೆನ್ನಿನ ಹಿಂದಿನ ಜಾಗ ಚಾಲಕನಿಗೆ ಕುರುಡು. ಅಲ್ಲಿ ಬೇಕಾಗುವುದು ಇನ್ನೊಬ್ಬನ ಕಣ್ಣು. ಈಗ ಕಡಿಮೆಯಾಗುತ್ತಿರುವುದೂ ಅದೇ.

ಹಿಂದೆ ನಮ್ಮ ಊರುಗಳಲ್ಲಿ ಕ್ಲೀನರ್ ಆಗಿ ಹತ್ತಿದವನೇ ಮುಂದೆ ಡ್ರೈವರ್ ಆಗುತ್ತಿದ್ದ. ಟಯರ್ ಬದಲಿಸುವುದು, ಹಗ್ಗ ಬಿಗಿಯುವುದು, ಹಿಂದೆ ನಿಂತು ಕೂಗುವುದು, ಎಲ್ಲ ಆ ಶಾಲೆಯ ಪಾಠಗಳು. ಈಗ ಡೀಸೆಲ್, ಟೋಲ್, ವಿಮೆ, ಕಂತು ಕಳೆದು ಕೈಗೆ ಉಳಿಯುವುದು ಸಾಲದಾದಾಗ ಮೊದಲು ಕೈಬಿಡುವುದು ಕ್ಲೀನರ್‌ನ ಬಾಟಾವನ್ನು. ಹೆದ್ದಾರಿಯಲ್ಲಿ ಅವನಿಲ್ಲದ್ದು ಗೊತ್ತಾಗುವುದಿಲ್ಲ. ಗಲ್ಲಿಯಲ್ಲಿ ಗೊತ್ತಾಗುತ್ತದೆ. ಒಬ್ಬನೇ ಬಂದ ಚಾಲಕ ಇಳಿದು ನೋಡಿ, ಹತ್ತಿ, ನಾಲ್ಕು ಅಡಿ ಹಿಂದೆ ತೆಗೆದು, ಮತ್ತೆ ಇಳಿದು ನೋಡುವುದನ್ನು ಅದೇ ಬೆಳಗ್ಗೆ ನಾವು ಕಂಡೆವು. ಅವನು ಹತ್ತುವ ಅಷ್ಟು ಹೊತ್ತಿನಲ್ಲಿ ಒಂದು ಮಗು ಹಿಂದೆ ಓಡಿ ಬರಬಹುದು.

ಮಧ್ಯಾಹ್ನದ ಹೊತ್ತಿಗೆ ಉಳಿದ ಮಾಲಿನೊಂದಿಗೆ ಖಾನಾಪುರಕ್ಕೆ ಹೊರಟೆವು. ಗೋವಾ ರಸ್ತೆಯಲ್ಲಿ ಸುಮಾರು 26 ಕಿ.ಮೀ. ಮಲಪ್ರಭೆಯ ದಡದ ಈ ಊರು ಹೆಂಚಿಗೆ, ಮಣ್ಣಿನ ಪಾತ್ರೆಗೆ ಹೆಸರಾದದ್ದು. ಹೆಂಚಿನ ನಾಡಿನಿಂದ ಬಂದ ನಮಗೆ ಮನೆಯ ಮಾಡುಗಳನ್ನು ಕಂಡೇ ಖುಷಿಯಾಯಿತು. ಇಲ್ಲಿನ ಇಕ್ಕಟ್ಟು ಬೇರೆ ತರದ್ದು. ಅಂಗಡಿ ರಸ್ತೆಗೇ ಮುಖ ಮಾಡಿದೆ, ಆದರೆ ಲಾರಿ ನಿಲ್ಲಿಸಿದರೆ ಬಸ್ಸಿಗೆ ದಾರಿಯಿಲ್ಲ. ಒಳಗಿನ ಹಳ್ಳಿಗಳ ಕಡೆಗೆ ಹೋದರೆ ಲಾರಿ ತಿರುಗಿಸಲು ಜಾಗ ಹುಡುಕಬೇಕು. ಪಶ್ಚಿಮ ಘಟ್ಟದ ಸೆರಗಿನ ತಾಲೂಕು, ಮಳೆ ಜೋರು. ಸೈಡ್ ಕೊಡಲು ಹೋದರೆ ಚಕ್ರ ಕೆಸರಲ್ಲಿ ಹೂತುಹೋಗುತ್ತದೆ. ಇಲ್ಲೂ ಹುಡುಗನೇ ಇಳಿದು, ನೆಲ ತುಳಿದು ನೋಡಿ, ಕೈ ಎತ್ತಿದ.

ಕಾನೂನು ಏನು ಹೇಳುತ್ತದೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಬರೆದಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಇದ್ದ ಕಾಯ್ದೆ. ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಇರುವ ನಮ್ಮವರು ಅದರ ಹೊರಗೇ ಉಳಿದರು.

ಮನೆಯವರಿಗೆ ಗೊತ್ತಿರಬೇಕಾದ ಎರಡು ಸಂಗತಿಗಳಿವೆ. ಒಂದು, 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಅದು ಹೇಳಿದೆ. ಪಿಕಪ್ ಓಡಿಸುವ ಮಕ್ಕಳಿರುವ ಮನೆಗಳಿಗೆ ವಿಮೆಯ ವಿಷಯದಲ್ಲಿ ಇದು ದೊಡ್ಡ ಆಸರೆ. ಎರಡು, ಖಾಸಗಿ ವಾಣಿಜ್ಯ ವಾಹನಗಳ ಕಾರ್ಮಿಕರಿಗೆ ಕರ್ನಾಟಕದ ಕಾರ್ಮಿಕ ಇಲಾಖೆಯ ಅಪಘಾತ ಪರಿಹಾರ ಯೋಜನೆ ಇದೆ. ಅಪಘಾತದಲ್ಲಿ ಜೀವ ಹೋದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ.  ಕ್ಲೀನರ್‌ನ ಹೆಸರನ್ನೂ ನೋಂದಣಿ ಮಾಡಿಸಬೇಕು. ಹಿಂದೆ ನಿಲ್ಲುವ ಹುಡುಗನಿಗೇ ಅಪಾಯ ಜಾಸ್ತಿ, ಅವನ ಹೆಸರೇ ಬಿಟ್ಟುಹೋಗುವುದೂ ಜಾಸ್ತಿ. ಹತ್ತಿರದ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. ಸ್ಟೇರಿಂಗ್ ಹಿಡಿದವರಲ್ಲೂ ನಮ್ಮವರಿದ್ದಾರೆ, ಅಂಗಡಿಯ ಗಲ್ಲಾದಲ್ಲಿ ಕುಳಿತವರಲ್ಲೂ ನಮ್ಮವರಿದ್ದಾರೆ. ಬಂದರ್‌ನಲ್ಲಾಗಲಿ, ಬಿ.ಸಿ.ರೋಡ್‌ನಲ್ಲಾಗಲಿ ಲಾರಿ ಬಂದಾಗ "ಬೇಗ ಖಾಲಿ ಮಾಡು" ಎಂದು ಕೂಗುವ ಮೊದಲು ಅಂಗಡಿಯ ಮುಂದಿನ ಎರಡು ಬೈಕು ಬದಿಗೆ ಸರಿಸಬಹುದು. ಬರುವ ಹೊತ್ತನ್ನು ಮೊದಲೇ ಫೋನಿನಲ್ಲಿ ನಿಗದಿ ಮಾಡಬಹುದು. ಚಾಲಕ ಒಬ್ಬನೇ ಬಂದಿದ್ದರೆ ಅಂಗಡಿಯ ಹುಡುಗನನ್ನು ಐದು ನಿಮಿಷ ಹಿಂದೆ ನಿಲ್ಲಿಸಬಹುದು. ಇದಕ್ಕೆ ಖರ್ಚಿಲ್ಲ.

ಸಂಜೆ ಖಾನಾಪುರದ ಹೋಟೆಲಿನಲ್ಲಿ ಚಹಾ ಕುಡಿಯುವಾಗ ತಿಳಿಯಿತು, ಆ ಹುಡುಗನಿಗೆ ಗಲ್ಫಿನ ವೀಸಾದ ಮಾತುಕತೆ ನಡೆಯುತ್ತಿದೆ. ಮನೆಯಲ್ಲಿ ಉಮ್ಮನಿಗೆ ಖುಷಿ. ಕಾಕನ ಮುಖ ಮಾತ್ರ ಸಣ್ಣಗಾಯಿತು.

"ಹೋಗಲಿ, ಅವನ ಬದುಕು ಒಳ್ಳೆಯದಾಗಲಿ. ಆದರೆ ಅವ ಹೋದ ಮೇಲೆ ಗಲ್ಲಿಯ ಲೋಡು ನಾನು ಹಿಡಿಯುವುದಿಲ್ಲ ಮಾರಾಯ್ರೆ. ಆ ಅಜ್ಜಿ ನನಗೆ ಕಾಣಲೇ ಇಲ್ಲ ನೋಡಿ."

ಹುಡುಗ ಗ್ಲಾಸು ಇಟ್ಟು ಎದ್ದ. ಲಾರಿ ರಸ್ತೆಗೆ ತೆಗೆಯಬೇಕಿತ್ತು. ಹಿಂದೆ ಹೋಗಿ ನಿಂತು ಎರಡು ಸಲ ತಟ್ಟಿದ.